ನಾನೂರ ಹದಿನೇಳನೇ ಬಿಲ್ಲೆ

ನನ್ನ ಗಂಡ ಜಯರಾಮಪ್ಪನವರಿಗೆ ಜನರ ತಲೆ ಎಣಿಸುವ ಚಟ. ಚಟ ಅಂದರೆ ಅವರಿಗೆ ಕೋಪ ಬರುತ್ತದೆ, ಡ್ಯೂಟಿ ಅನ್ನಬೇಕಂತೆ. ಚಿನ್ನದ ಗಣಿಯ ಟೋಕನ್ ಆಫೀಸಿನಲ್ಲಿ ಕಿಟಕಿಯ ಹಿಂದೆ ಕೂತೇ ಕೂದಲು ನೆರೆಸಿಕೊಂಡವರು ಅವರು. ಗಣಿಗೆ ಇಳಿಯುವ ಪ್ರತಿಯೊಬ್ಬನೂ ಆ ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಾಗ ಅದನ್ನು ವಾಪಸು ಕೊಡಬೇಕು. ಗೋಡೆಯ ಹಲಗೆಯಲ್ಲಿ ಒಂದೊಂದು ಬಿಲ್ಲೆಗೂ ಒಂದೊಂದು ಮೊಳೆ. ಷಿಫ್ಟು ಮುಗಿದಾಗ ಯಾವುದಾದರೂ ಮೊಳೆ ಖಾಲಿ ಇದ್ದರೆ ಒಬ್ಬ ಮನುಷ್ಯ ಇನ್ನೂ ಭೂಮಿಯ ಒಳಗಿದ್ದಾನೆ ಅಂತ ಅರ್ಥ. ಎಲ್ಲ ಮೊಳೆಗಳೂ ತುಂಬಿದ ಮೇಲೆ ಇವರು "ಎಲ್ಲಾರೂ ಮ್ಯಾಲೆ ಬಂದ್ರು" ಅಂತ ಗಟ್ಟಿಯಾಗಿ ಹೇಳಿ, ಕಿಟಕಿ ಮುಚ್ಚಿ, ಬಂಗಾರಪೇಟೆಯ ಟ್ರೈನು ಹತ್ತುತ್ತಿದ್ದರು. ತಾವು ಮಾತ್ರ ಒಂದು ದಿನವೂ ಗಣಿಗೆ ಇಳಿದವರಲ್ಲ.

ಮನೆಯಲ್ಲೂ ಅದೇ ರಾಗ. ಮದುವೆಗೆ ಹೋಗಲಿ, ಸಿನಿಮಾಕ್ಕೆ ಹೋಗಲಿ, ಹೊರಡುವಾಗ ಬಾಗಿಲಲ್ಲಿ ನಿಂತು ತಲೆ ಎಣಿಸುವುದು. ನನ್ನ ಅತ್ತೆ ದೊಡ್ಡಮುನಿಯಮ್ಮನವರು, "ನನ್ನ ಹೊಟ್ಟೇಲಿ ಇದ್ದಾಗ್ಲೂ ನನ್ನ ಪಕ್ಕೆಲುಬು ಎಣಿಸಿರ್ತಾನೆ ಇವನು" ಅನ್ನುತ್ತಿದ್ದರು. ನನಗೆ ಮದುವೆಯಾದ ಹೊಸದರಲ್ಲಿ ನಗು ಬರುತ್ತಿತ್ತು, ಆಮೇಲೆ ಮೈ ಉರಿಯುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಎಂಬತ್ತೊಂಬತ್ತನೇ ಇಸವಿಯಲ್ಲಿ ಗಣಿಯವರು ಕೊಡುವ ಪ್ರವಾಸದ ರಜೆ ಬಂತು. ದೇಶದ ಯಾವ ಮೂಲೆಗಾದರೂ ಹೋಗಿ ಬರಬಹುದು. ಇವರು ಕಾಶಿ ಅಂದರು. ಅತ್ತೆ ತಿರುಪತಿ ಅಂದರು, ಹೋದ ವರ್ಷವಷ್ಟೇ ಹೋಗಿದ್ದರೂ. ನಾನು ಅಂಡಮಾನ್ ಅಂದೆ. ಇಬ್ಬರೂ ನನ್ನ ಮುಖ ನೋಡಿದರು. ಬೂದಿಕೋಟೆ ಪಕ್ಕದ ಹಳ್ಳಿಯಲ್ಲಿ ಹುಟ್ಟಿ ಬಂಗಾರಪೇಟೆಯಲ್ಲಿ ಬಾಳುವೆ ಮಾಡುತ್ತಿರುವ, ಮದ್ರಾಸಿನ ಸಮುದ್ರವನ್ನೂ ಕಂಡಿರದ ಹೆಂಗಸು ಹಡಗು ಹತ್ತುತ್ತೇನೆ ಅಂದರೆ ಯಾರಿಗಾದರೂ ಆಶ್ಚರ್ಯವೇ. ದ್ವೀಪ ನೋಡಬೇಕು, ಮರಳಿನ ಮೇಲೆ ಓಡಾಡಬೇಕು, ಈ ಜನ್ಮದಲ್ಲಿ ನಾನು ಕೇಳುವುದು ಇದೊಂದೇ ಅಂತ ಹಟ ಹಿಡಿದೆ. ಮೂರು ದಿನ ಸಾರಿಗೆ ಉಪ್ಪು ಕಮ್ಮಿ ಹಾಕಿದೆ. ನಾಲ್ಕನೇ ದಿನ ಇವರು ಅರ್ಜಿ ಬರೆದುಕೊಟ್ಟರು.

ನಿಜವಾದ ಕಾರಣ ಮರಳಲ್ಲ. ನನ್ನ ತಮ್ಮ ಕದಿರಪ್ಪ ಅಲ್ಲಿದ್ದ.

ಅವನೂ ನಮ್ಮ ಗಣಿಯಲ್ಲೇ ಇದ್ದವನು, ಬಿಲ್ಲೆ ನಂಬರು ನಾನೂರ ಹದಿನೇಳು. ಎಪ್ಪತ್ತೆಂಟರ ಡಿಸೆಂಬರಿನಲ್ಲಿ, ಅವರೇಕಾಯಿ ಕಾಲದಲ್ಲಿ, ನಮ್ಮಮ್ಮ ಮುತ್ಯಾಲಮ್ಮ ಹಿದುಕಿದಬೇಳೆ ಸಾರು ಮಾಡುತ್ತೇನೆ, ಅಕ್ಕ ತಮ್ಮ ಇಬ್ಬರೂ ಬನ್ನಿ ಅಂತ ಊರಿಂದ ಹೇಳಿ ಕಳಿಸಿದ್ದಳು. ನಮ್ಮ ಕಡೆಯವರಿಗೆ ಆ ಸಾರು ಅಂದರೆ ಏನು ಅಂತ ಹೊರಗಿನವರಿಗೆ ವಿವರಿಸಿ ಪ್ರಯೋಜನವಿಲ್ಲ. ಕಾಳು ನೆನೆಸಿ, ಒಂದೊಂದನ್ನೇ ಹಿದುಕಿ ಸಿಪ್ಪೆ ಬಿಡಿಸಿ, ಮನೆಮಂದಿಯೆಲ್ಲ ಕೂತು ಬೆರಳು ಸುಕ್ಕಾಗುವವರೆಗೆ ಮಾಡುವ ಕೆಲಸ ಅದು. ಬೂದಿಕೋಟೆ ಬಸ್ಸು ನಾಲ್ಕಕ್ಕೆ, ಬೇಗ ಮೇಲೆ ಬಾ ಅಂತ ತಮ್ಮನಿಗೆ ನಾನೇ ಹೇಳಿ ಕಳಿಸಿದೆ. ಅವನು ತಡವಾದೀತು ಅಂತ ಒಳಗೊಳಗೇ ಅಡ್ಡದಾರಿ ಹಿಡಿದು, ಪಕ್ಕದ ಗಣಿಬಾವಿಯ ಶಾಫ್ಟಿನಿಂದ ಮೇಲೆ ಬಂದು, ಓಡೋಡಿ ಬಸ್ ಸ್ಟ್ಯಾಂಡಿಗೆ ಬಂದ. ಬಸ್ಸು ಹೊರಡುವ ಹೊತ್ತಿಗೆ ಜೇಬು ಮುಟ್ಟಿಕೊಂಡು, "ಅಕ್ಕಾ, ಬಿಲ್ಲೆ ಇಲ್ಲೇ ಉಳ್ಕಂಡದೆ" ಅಂದ. ಇಳಿಯುತ್ತೇನೆ ಅಂತ ಎದ್ದೂ ನಿಂತ. ನಾನು ಅವನ ಅಂಗಿ ಹಿಡಿದು ಕೂರಿಸಿದೆ. ನಾಳೆ ಕೊಟ್ಟರಾಯಿತು, ಕಿಟಕಿಯಲ್ಲಿ ಕೂತಿರುವವರು ನಿನ್ನ ಭಾವ ತಾನೇ ಅಂದೆ.

ಭಾವ ತಾನೇ. ಆ ಭಾವ ಖಾಲಿ ಮೊಳೆ ನೋಡಿ ಸೈರನ್ ಹೊಡೆಸಿದರು. ಆರು ಜನ ಗಣಿಗೆ ಇಳಿದು ಹದಿನಾಲ್ಕು ಗಂಟೆ ಹುಡುಕಿದರು. ಅವರಲ್ಲಿ ಕುಪ್ಪುಸ್ವಾಮಿ ಅನ್ನುವವರು ಜಾರಿ ಬಿದ್ದು ಕಾಲು ಮುರಿದುಕೊಂಡರು. ಮರುದಿನ ಬೆಳಗ್ಗೆ ನನ್ನ ತಮ್ಮ ಕೈಯಲ್ಲಿ ಇನ್ನೂ ತುಪ್ಪದ ವಾಸನೆ ಇಟ್ಟುಕೊಂಡು ಕೆಲಸಕ್ಕೆ ಬಂದ. ನನ್ನ ಗಂಡ ರಾತ್ರಿಯೆಲ್ಲ ಕಿಟಕಿ ಬಿಟ್ಟು ಕದಲಿರಲಿಲ್ಲವಂತೆ. ಅವನನ್ನು ನೋಡಿದವರೇ ಒಂದು ಮಾತೂ ಆಡದೆ ರಿಪೋರ್ಟು ಬರೆದರು. ಕೆಲಸ ಹೋಯಿತು. ತನ್ನನ್ನು ಊಟಕ್ಕೆ ಕರೆದವರಾರು, ಬಸ್ಸಿನಲ್ಲಿ ಕೂರಿಸಿದವರಾರು ಅಂತ ಕದಿರಪ್ಪ ಯಾರಿಗೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಭಾವನಿಗೆ ಮನುಷ್ಯನಿಗಿಂತ ಹಿತ್ತಾಳೆ ದೊಡ್ಡದು ಅಂತ ಹೇಳಿ ಮದ್ರಾಸಿಗೆ ಹೋದವನು ಅಲ್ಲಿಂದ ಹಡಗು ಹತ್ತಿ ಅಂಡಮಾನ್ ಸೇರಿಕೊಂಡ. ಬಿಲ್ಲೆಯೂ ಅವನ ಜೇಬಿನಲ್ಲೇ ಹೋಯಿತು. ಆಮೇಲೆ ಹನ್ನೊಂದು ವರ್ಷ ನನ್ನ ಗಂಡನ ಬಾಯಲ್ಲಿ ಅವನ ಹೆಸರು ಬರಲಿಲ್ಲ.

ಅವನ ಕಾಗದಗಳು ಮಾತ್ರ ನನಗೆ ಬರುತ್ತಿದ್ದವು, ಅಮ್ಮನ ವಿಳಾಸಕ್ಕೆ. ಓದಿ ರಾಗಿ ಡಬ್ಬದೊಳಗೆ ಬಚ್ಚಿಡುತ್ತಿದ್ದೆ. ಅಲ್ಲಿ ದೋಣಿ ನಡೆಸುತ್ತಾನೆ, ಬಂಗಾಳಿ ಹುಡುಗಿಯನ್ನು ಮದುವೆಯಾಗಿದ್ದಾನೆ, ಒಬ್ಬಳು ಮಗಳು. ಅಮ್ಮನಿಗೆ ಈಗ ಕಣ್ಣು ಮಂಜು. ಮಗನ ಮುಖ ಕಾಣುವಷ್ಟು ಬೆಳಕು ಇರುವಾಗಲೇ ಅವನು ಬಂದರೆ ಸಾಕು ಅನ್ನುತ್ತಾಳೆ. ಭಾವ ಬಾ ಅನ್ನದೆ ಬರುವುದಿಲ್ಲ ಅಂತ ಅವನು. ಹೇಗಾದರೂ ಮಾಡಿ ಇವರಿಬ್ಬರನ್ನು ಒಂದೇ ಮರಳಿನ ಮೇಲೆ ನಿಲ್ಲಿಸಬೇಕು ಅಂತ ನಾನು ಹೊರಟಿದ್ದು.

ಕುಪ್ಪುಸ್ವಾಮಿಗೂ ರಜೆ ಇತ್ತು, ಅವರೂ ಜೊತೆಗೆ ಹೊರಟರು. ಕಾಲು ಮುರಿದ ಮೇಲೆ ಟೋಕನ್ ಆಫೀಸಿನಲ್ಲೇ ಹಗುರವಾದ ಕೆಲಸ ಕೊಟ್ಟಿದ್ದರು, ಇವರಿಗೆ ಬಲಗೈ ಆಗಿದ್ದರು. ಅವರಿಗೆ ನನ್ನ ತಮ್ಮನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ. ಆ ಕಾಲು ಮುರಿಯದಿದ್ದರೆ ಇನ್ನೂ ಒಳಗೆ ಹೊಗೆ ಕುಡಿಯುತ್ತಿದ್ದೆ ಅನ್ನುತ್ತಿದ್ದರು. ಅವರ ಹೆಂಡತಿ ಮಾತ್ರ ನೆಲವಲ್ಲದ್ದರ ಮೇಲೆ ಕಾಲಿಡುವುದಿಲ್ಲ ಅಂತ ಮನೆಯಲ್ಲೇ ಉಳಿದರು.

ಹೊರಡುವ ಹಿಂದಿನ ದಿನ ನನ್ನ ಗಂಡ ಡಾಲ್ಡಾ ಡಬ್ಬದ ತಗಡು ಕತ್ತರಿಸಿ ಬಿಲ್ಲೆ ಮಾಡುತ್ತಾ ಕೂತರು. ನೀರಿಗೆ ಇಳಿಯುವವರು ತಗೊಂಡು ಇಳಿಯಬೇಕು, ಮೇಲೆ ಬಂದವರು ವಾಪಸು ಕೊಡಬೇಕು, ಸಮುದ್ರ ಅಂದರೆ ತಮಾಷೆಯಲ್ಲ ಅಂದರು. ಅತ್ತೆಗೆ ಒಂದು, ನನಗೆ ಎರಡು, ಕುಪ್ಪುಸ್ವಾಮಿಗೆ ಮೂರು. ಇವರು ಆರರವರೆಗೆ ಮೊಳೆಯಿಂದ ನಂಬರು ಕೊರೆದರು. ಮೂರು ಜನಕ್ಕೆ ಆರು ಯಾಕೆ ಅಂತ ಕೇಳಿದೆ. ಇರಲಿ, ಸ್ಪೇರು ಅಂದರು.

ನಾನೂ ಒಂದು ಸಾಮಾನು ಕಟ್ಟಿದ್ದೆ. ಒಂದು ಗೋಣಿಚೀಲದ ತುಂಬ ಅವರೇಕಾಯಿ. ಹನ್ನೊಂದು ವರ್ಷದಿಂದ ನಾನು ನಮ್ಮ ಮನೆಗೆ ಅವರೇಕಾಯಿ ತಂದವಳಲ್ಲ, ಆ ಸಾರಿನ ವಾಸನೆ ಬಂದರೆ ನನಗೆ ಆ ದಿನದ ಬಸ್ಸು ನೆನಪಾಗುತ್ತಿತ್ತು. ಅಂಡಮಾನಿನಲ್ಲಿ ಗುರುತಿನವರೊಬ್ಬರಿಗೆ ಕೊಡಬೇಕು ಅಂತ ಗೊಣಗಿದೆ. ಯಾರು ಅಂತ ಇವರು ಕೇಳಲಿಲ್ಲ. ಮದ್ರಾಸಿನವರೆಗೆ ರೈಲಿನ ಡಬ್ಬಿಯೆಲ್ಲ ಅವರೆಯ ಸೊಗಡು ಹೊಡೆಯಿತು. ನಮ್ಮೆದುರು ಕೂತಿದ್ದವರು ಎರಡು ಸಲ ಮೂಗು ಅರಳಿಸಿ ನಮ್ಮೂರು ಯಾವುದು ಅಂತ ತಾವೇ ಹೇಳಿದರು.

ಹಡಗಿನಲ್ಲಿ ನಮಗೆ ಸಿಕ್ಕಿದ್ದು ಕೆಳಗಿನ ಅಂತಸ್ತು. ಮೆಟ್ಟಿಲಿಳಿದು ಮೆಟ್ಟಿಲಿಳಿದು ಹೋದದ್ದೇ ಕುಪ್ಪುಸ್ವಾಮಿ ಸ್ವಂತ ಮನೆಗೆ ಬಂದವರ ಹಾಗೆ ಟವೆಲು ಹಾಸಿ ಮಲಗಿಬಿಟ್ಟರು. ನನ್ನ ಗಂಡ ಮಾತ್ರ ಅರ್ಧ ದಾರಿಯಲ್ಲೇ ನಿಂತರು. ಸಾವಿರಾರು ಜನರನ್ನು ನೆಲದೊಳಗೆ ಕಳಿಸಿದ ಮನುಷ್ಯ, ಹತ್ತು ಮೆಟ್ಟಿಲು ಕೆಳಗಿಳಿದಾಗ ಬೆವತುಹೋದರು. ಮೂರು ದಿನವೂ ಡೆಕ್ಕಿನ ಮೇಲೆ ಶಾಲು ಹೊದ್ದು ಮಲಗಿದರು. ನಾನು ನಕ್ಕು ನಕ್ಕು ಸಾಕಾದೆ. ಎರಡನೇ ದಿನ ನೋಡುತ್ತೇನೆ, ನನ್ನ ಗೋಣಿಚೀಲವೂ ಡೆಕ್ಕಿನ ಮೇಲಿದೆ, ಬಾಯಿ ಬಿಚ್ಚಿ ಗಾಳಿಗೆ ಹರವಿದ್ದಾರೆ. ಕೆಳಗೆ ಸೆಖೆಗೆ ಕೊಳೆಯುತ್ತೆ ಅಂದರು. ಅಷ್ಟೇ. ನಾನೂ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಅತ್ತೆ ಅಷ್ಟರಲ್ಲಿ ಹಡಗನ್ನೆಲ್ಲ ನೆಂಟರ ಮನೆ ಮಾಡಿಕೊಂಡಿದ್ದರು. ಶ್ರೀಕಾಕುಳಂ ಕಡೆಯ ಬೆಸ್ತರ ಹೆಂಗಸರ ಜೊತೆ ತೆಲುಗಿನಲ್ಲಿ ಹರಟೆ, ಅವರಿಗೆ ನಮ್ಮ ಹುರಿಹಿಟ್ಟು, ಅವರಿಂದ ಇವರಿಗೆ ಒಣಮೀನು. ಪೋರ್ಟ್ ಬ್ಲೇರಿನಲ್ಲಿ ಇಳಿದಾಗ ನಮಗಿಂತ ಮೊದಲು ಅತ್ತೆಗೆ ಊರು ಗೊತ್ತಾಗಿತ್ತು. ಅಲ್ಲಿನ ಮಾರ್ಕೆಟ್ಟಿನಲ್ಲಿ ತರಕಾರಿಯವಳು ತಮಿಳು, ಮೀನಿನವಳು ತೆಲುಗು, ಟೀ ಅಂಗಡಿಯವನು ಮಲಯಾಳಿ, ದರ್ಜಿ ರಾಂಚಿಯವನು, ಪಾನ್ ಅಂಗಡಿಯ ಮುದುಕನ ತಾಯಿ ಬರ್ಮಾದವಳಂತೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದಾಗ ಹಿಂದಿ. ನಿಮ್ಮೂರು ಯಾವುದು ಅಂತ ಅತ್ತೆ ಸಿಕ್ಕಸಿಕ್ಕವರನ್ನೆಲ್ಲ ಕೇಳಿದರು, ಎಲ್ಲರೂ ಇದೇ ಊರು ಅಂದರು. ಕೆ.ಜಿ.ಎಫ್.ನಲ್ಲೂ ಒಂದೇ ನಲ್ಲಿಯ ಮುಂದೆ ಮೂರು ಭಾಷೆಯಲ್ಲಿ ಜಗಳ ಕೇಳಿ ಪಳಗಿದ ನಮಗೆ ಅದೇನೂ ಹೊಸದಲ್ಲ. ಇಲ್ಲಿ ಇನ್ನೂ ನಾಲ್ಕು ಭಾಷೆ ಹೆಚ್ಚು, ಜಗಳ ಮಾತ್ರ ಕಡಿಮೆ ಅನ್ನಿಸಿತು.

ಮೊದಲ ಎರಡು ದಿನ ಊರ ಪಕ್ಕದ ಸಮುದ್ರದಲ್ಲಿ ಆಡಿದೆವು. ಮರಳು ಅಕ್ಕಿಹಿಟ್ಟಿನಂತೆ ಬೆಳ್ಳಗಿತ್ತು. ನಮ್ಮ ಕಡೆ ಗಣಿಯ ಪುಡಿ ಸುರಿದು ಸುರಿದು ಎದ್ದಿರುವ ಸೈನೈಡ್ ಗುಡ್ಡಗಳನ್ನು ನೆನೆಸಿಕೊಂಡು ಕುಪ್ಪುಸ್ವಾಮಿ, ನಮ್ಮಲ್ಲೂ ಇಷ್ಟೇ ಮರಳಿದೆ, ನೀರು ಬಿಡುವುದನ್ನು ಮರೆತಿದ್ದಾರೆ ಅಂದರು. ಅತ್ತೆ ಚೆಂದದ ಶಂಖ ಆರಿಸಿ ಸೆರಗಿಗೆ ಕಟ್ಟಿಕೊಂಡರು, ಸ್ವಲ್ಪ ಹೊತ್ತಿಗೆ ಶಂಖ ಕಾಲು ಬಿಟ್ಟು ಸೊಂಟದ ಮೇಲೆ ನಡೆಯತೊಡಗಿತು. ಎಪ್ಪತ್ತು ವರ್ಷದ ಹೆಂಗಸು ಅಷ್ಟು ದೂರ ಹಾರಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಗಂಡ ಮರಕ್ಕೆ ಮೊಳೆ ಹೊಡೆದು, ಬಿಲ್ಲೆಗಳ ದಾರ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚದೆ, ಛತ್ರಿ ಬಿಚ್ಚಿಕೊಂಡು ನೆರಳಲ್ಲಿ ಕೂತಿದ್ದರು. ನೀವೂ ಬನ್ನಿ ಅಂದರೆ ಬಿಲ್ಲೆ ನೋಡಿಕೊಳ್ಳುವವರು ಯಾರು ಅನ್ನುತ್ತಿದ್ದರು. ಪಕ್ಕದಲ್ಲಿ ಈಜುತ್ತಿದ್ದ ಒಂದು ಸರ್ದಾರ್ಜಿ ಕುಟುಂಬ, ಇಲ್ಲಿ ನೀರಿಗಿಳಿಯಲು ಬಿಲ್ಲೆ ಬೇಕೇನೋ ಅಂತ ಬಂದು ಇವರ ಮುಂದೆ ಸಾಲಾಗಿ ನಿಂತಿತು.

ಮೂರನೇ ದಿನ ಚಿಡಿಯಾ ಟಾಪುವಿಗೆ ಹೊರಟೆವು. ಕಾಡಿನ ನಡುವೆ ಬಸ್ಸು ಕೊನೆಯಾಗುವ ಜಾಗ ಅದು. ಮುಗಿಲೆತ್ತರದ ಮರಗಳು, ಹೆಸರು ಗೊತ್ತಿಲ್ಲದ ಹಕ್ಕಿಗಳು, ಕೆಳಗೆ ಸದ್ದಿಲ್ಲದ ಸಮುದ್ರ. ಹತ್ತಿರದ ಹಳ್ಳಿಯಲ್ಲೇ ನನ್ನ ತಮ್ಮನ ಮನೆ. ಮಧ್ಯಾಹ್ನ ಹೆಂಡತಿ ಮಗಳನ್ನು ಕರೆದುಕೊಂಡು ಅಲ್ಲಿಗೆ ಬಾ ಅಂತ ಬರೆದಿದ್ದೆ. 

ಅವನು ಬಂದ. ಕಪ್ಪಾಗಿದ್ದ, ತಲೆ ಮುಂಭಾಗ ಬೋಳಾಗಿತ್ತು. ಪಕ್ಕದಲ್ಲಿ ಬಿಳಿ ಬಳೆ ತೊಟ್ಟ ಶೇಫಾಲಿ, ತಲೆಯ ಮೇಲೆ ಅನ್ನದ ಪಾತ್ರೆ. ಹಿಂದೆ ಐದಾರು ವರ್ಷದ ಹುಡುಗಿ, ಮುಕ್ತಾ. ನಮ್ಮಮ್ಮನ ಹೆಸರನ್ನೇ ಅವರ ಭಾಷೆಗೆ ಹೊಂದಿಸಿ ಇಟ್ಟಿದ್ದ. ನಾನು ಅವನನ್ನು ಹಿಡಿದುಕೊಂಡು ಅತ್ತೆ. ನನ್ನ ಅತ್ತೆಯೂ ಅತ್ತರು, ಕುಪ್ಪುಸ್ವಾಮಿ ಅವನ ಬೆನ್ನು ತಟ್ಟಿ ತಮ್ಮ ಕುಂಟು ಕಾಲನ್ನು ನೆಲಕ್ಕೆ ಕುಟ್ಟಿ, ನೋಡು, ಇನ್ನೂ ಗಟ್ಟಿಯಾಗಿದೆ ಅಂದರು.

ನನ್ನ ಗಂಡ ಎದ್ದು ನಿಂತಿದ್ದರು. ಕದಿರಪ್ಪ "ಬಾವಾ" ಅಂದ. ಇವರು ಅವನನ್ನು ನೋಡಿದರು, ಮಗುವನ್ನು ನೋಡಿದರು. ಬಿಲ್ಲೆಗಳ ದಾರವನ್ನು ಕುಪ್ಪುಸ್ವಾಮಿಯ ಕೈಗೆ ಕೊಟ್ಟರು. ಅವರು ಡ್ಯೂಟಿಯ ನಡುವೆ ದಾರ ಬೇರೆಯವರಿಗೆ ಕೊಟ್ಟಿದ್ದು ನಾನು ಕಂಡಂತೆ ಅದೇ ಮೊದಲು. ಛತ್ರಿ ತೆಗೆದುಕೊಂಡು ಕಲ್ಲುಬಂಡೆಗಳ ಕಡೆ ನಡೆದು ಹೋದರು.

ನನಗೆ ನೆತ್ತಿಗೇರಿತು. ಮೂರು ದಿನ ಹಡಗಿನಲ್ಲಿ ವಾಂತಿ ಮಾಡಿಕೊಂಡು ಬಂದಿದ್ದು ಈ ಬೆನ್ನು ನೋಡುವುದಕ್ಕಾ? ಹಿಂದೆ ಹೋಗುತ್ತೇನೆ ಅಂದ ಕದಿರಪ್ಪನನ್ನು ತಡೆದೆ. ಹೋಗಲಿ ಬಿಡು, ಹೊಟ್ಟೆ ಹಸಿದರೆ ಬರುತ್ತಾರೆ ಅಂದೆ. ಶೇಫಾಲಿ ಮಾಡಿ ತಂದ ಮೀನಿನ ಸಾರು ಉಂಡೆವು. ಸಿಟ್ಟಿನಲ್ಲೂ ರುಚಿಯಾಗಿತ್ತು. ಆಮೇಲೆ ಎಲ್ಲರೂ ನೀರಿಗಿಳಿದೆವು. ಕುಪ್ಪುಸ್ವಾಮಿ ಇದ್ದ ಆರೂ ಬಿಲ್ಲೆ ಹಂಚಿದರು, ನಾಲ್ಕು ತಮ್ಮನಿಗೆ, ಐದು ಶೇಫಾಲಿಗೆ, ಆರು ಮಗುವಿಗೆ. ಅತ್ತೆಯೂ ಮಗುವೂ ಕೈ ಹಿಡಿದು ಅಲೆ ಬಂದಾಗಲೆಲ್ಲ ಕೂತು ಏಳುತ್ತಿದ್ದರು. ಅತ್ತೆ ತೆಲುಗಿನಲ್ಲಿ, ಅವಳು ಬಂಗಾಳಿಯಲ್ಲಿ ಮಾತಾಡುತ್ತಿದ್ದರು, ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ನಾಲ್ಕಕ್ಕೆ ಬಸ್ಸು. ಡ್ರೈವರು ಹಾರನ್ ಹೊಡೆದ. ಕುಪ್ಪುಸ್ವಾಮಿ ಒಂದೊಂದೇ ಬಿಲ್ಲೆ ತೆಗೆದುಕೊಂಡು ಮೊಳೆಗೆ ಸಿಕ್ಕಿಸಿದರು. ಆರಕ್ಕೆ ಆರು. ನನ್ನ ಗಂಡನ ಧಾಟಿಯಲ್ಲೇ "ಎಲ್ಲಾರೂ ಮ್ಯಾಲೆ ಬಂದ್ರು" ಅಂತ ಕೂಗಿ ದಾರ ಸುತ್ತಿಕೊಂಡರು. ನಾಳೆ ಮನೆಗೇ ಬರುತ್ತೇನೆ ಅಂತ ತಮ್ಮನಿಗೆ ಹೇಳಿ ನಾವು ಬಸ್ಸು ಹತ್ತಿದೆವು. ಬಸ್ಸು ತುಂಬಿತ್ತು. ಇವರು ಯಾವಾಗಲೂ ಎಲ್ಲರಿಗಿಂತ ಮೊದಲೇ ಬಂದು ಡ್ರೈವರ್ ಹಿಂದಿನ ಸೀಟು ಹಿಡಿಯುವವರು. ಅಲ್ಲೇ ಮುಖ ಗಂಟು ಹಾಕಿಕೊಂಡು ಕೂತಿರುತ್ತಾರೆ ಅಂತ ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ನನಗೂ ಬಿಗುಮಾನ ಇರಬಾರದೇ?

ಎರಡು ಮೈಲಿ ಹೋದ ಮೇಲೆ ಅತ್ತೆಗೆ ಎಲೆಅಡಿಕೆ ಬೇಕಾಯಿತು. ಚೀಲ ಮಗನ ಹತ್ತಿರ. ಜಯರಾಮಾ, ಜಯರಾಮಾ ಅಂತ ಕೂಗಿದರು. ಉತ್ತರವಿಲ್ಲ. ಕುಪ್ಪುಸ್ವಾಮಿ ಎದ್ದು ಸೀಟು ಸೀಟು ನೋಡಿ ಬಂದರು.  ಕೈಯಲ್ಲಿದ್ದ ದಾರವನ್ನೇ ನೋಡುತ್ತಾ ನಿಂತರು. "ಅಕ್ಕಾ, ಅಣ್ಣನಿಗೆ ಟೋಕನ್ನೇ ಇಲ್ಲ" ಅಂದರು.

ಮೂವತ್ತು ವರ್ಷ ಎಲ್ಲರನ್ನೂ ಎಣಿಸಿದ ಮನುಷ್ಯನನ್ನು ಎಣಿಸಲು ಒಂದು ತಗಡಿನ ತುಂಡೂ ಇರಲಿಲ್ಲ. ಮೊಳೆ ತುಂಬಿದೆ, ಎಲ್ಲರೂ ಬಂದರು ಅಂತ ನಾವು ನಾಲ್ಕನೆಯವರನ್ನು ಕಾಡಿನಲ್ಲಿ ಬಿಟ್ಟು ಆರಾಮಾಗಿ ಹೊರಟಿದ್ದೆವು. ಬೇರೆ ಯಾರಾದರೂ ಆಗಿದ್ದರೆ ಮುಖ ನೋಡಿ ಎಣಿಸುತ್ತಿದ್ದರು. ನಾವು ಗಣಿಯವರು, ಮೊಳೆ ನೋಡಿದ್ದೆವು.

ಬಸ್ಸು ನಿಲ್ಲಿಸಿ, ಎದುರು ಬಂದ ಮರ ಸಾಗಿಸುವ ಲಾರಿ ಹತ್ತಿ ವಾಪಸು ಬಂದೆವು. ನಾನು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಹಸಿದರೆ ಬರುತ್ತಾರೆ ಅಂದ ಬಾಯಿಗೆ ಹೊಡೆದುಕೊಳ್ಳಬೇಕು ಅನ್ನಿಸಿತು. ಸುದ್ದಿ ಕೇಳಿದ ಕದಿರಪ್ಪ ಕಾಡಿನ ಕಡೆ ನೋಡಲೇ ಇಲ್ಲ, ನೀರನ್ನು ನೋಡಿದ. ಮಧ್ಯಾಹ್ನ ನಡೆದು ಹೋಗುವಂತಿದ್ದ ಬಂಡೆಗಳ ದಾರಿ ಈಗ ಇರಲೇ ಇಲ್ಲ. ಸಮುದ್ರ ದಿನಕ್ಕೆ ಎರಡು ಸಲ ಹೋಗಿ ಎರಡು ಸಲ ಬರುತ್ತದೆ ಅಂತ ಬಂಗಾರಪೇಟೆಯಲ್ಲಿ ನಮಗೆ ಯಾರು ಹೇಳಿದ್ದರು? ನಮ್ಮ ಕೆರೆಗಳು ವರ್ಷಕ್ಕೊಂದು ಸಲ ಬಂದರೆ ಹೆಚ್ಚು. ಅವನು ದೋಣಿ ತಳ್ಳಿದ. ನಾನೂ ಹತ್ತಿದೆ. ಬೇಡ ಅಂದ, ಕೇಳಲಿಲ್ಲ.

ಬಂಡೆ ಸುತ್ತಿದ ಕೂಡಲೇ ಕಂಡರು. ಒಂದು ಕಲ್ಲಿನ ಮೇಲೆ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಬಿಚ್ಚಿದ ಛತ್ರಿ ಹಿಡಿದು ನಿಂತಿದ್ದರು. ಕೊನೆಗೂ ಪ್ಯಾಂಟು ಮೊಣಕಾಲಿನವರೆಗೆ ಮಡಚಿದ್ದರು. ಸುತ್ತ ನೀರು, ಬೆನ್ನ ಹಿಂದೆ ಹತ್ತಲಾಗದ ಕಾಡಿನ ದಿಬ್ಬ. ನಾನು ಅಳುತ್ತಲೂ ಇದ್ದೆ, ನಗುತ್ತಲೂ ಇದ್ದೆ. ಕದಿರಪ್ಪ ದೋಣಿಯನ್ನು ಕಲ್ಲಿಗೆ ತಾಗಿಸಿ ಕೈ ಚಾಚಿದ. ಇವರು ಹಿಡಿಯಲಿಲ್ಲ.

"ಮೊಳೆ ಮ್ಯಾಲೆ ಎಷ್ಟಿತ್ತು?" ಅಂದರು.

"ಆರಕ್ಕೆ ಆರೂ ಇತ್ತು ಬಾವ."

 ಇವರು ಛತ್ರಿ ಮಡಚಿ, ನನ್ನ ತಮ್ಮನ ಕೈ ಹಿಡಿದು ದೋಣಿಗೆ ಇಳಿದರು. ಆ ಕೈಯನ್ನು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ದೋಣಿ ತಿರುಗಿತು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿತು. ಹೇಳಿಬಿಟ್ಟೆ. ಅವತ್ತು ಬಸ್ಸಿನಲ್ಲಿ ಅವನು ಇಳಿಯುತ್ತೇನೆ ಅಂದ, ಅಂಗಿ ಹಿಡಿದು ಕೂರಿಸಿದವಳು ನಾನು, ಬಿಲ್ಲೆ ನಾಳೆ ಕೊಟ್ಟರಾಯಿತು ಅಂದವಳು ನಾನು, ಕುಪ್ಪುಸ್ವಾಮಿಯ ಕಾಲು ಮುರಿದವಳೂ ನಾನೇ ಅಂತ ಒಂದೇ ಉಸಿರಿಗೆ ಹೇಳಿದೆ. ಕದಿರಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. ನನ್ನ ಗಂಡ ಚಪ್ಪಲಿಯ ಮರಳು ಕೊಡವುತ್ತಿದ್ದರು.

"ಗೊತ್ತು" ಅಂದರು.

ಯಾವಾಗಿನಿಂದ ಅಂತ ಕೇಳಿದೆ.

"ಅವತ್ತಿಂದ ನೀನು ಅವರೇಕಾಯಿ ಮನೆಗೆ ತರ್ಲಿಲ್ಲ. ಬಂಗಾರಪೇಟೇನಾಗೆ ಡಿಸೆಂಬರ್ ತಿಂಗ್ಳು ಅವರೇಕಾಯಿ ಇಲ್ದಿರೋ ಮನೆ ನಮ್ದೊಂದೇ. ಕೇಳಿದ್ರೆ ನೀನು ಏಳ್ಬಿಡ್ತಿದ್ದೆ. ಏಳಿದ್ರೆ ನಾನು ರಿಪೋರ್ಟ್‌ನಾಗೆ ಬರೀಬೇಕಾಗ್ತಿತ್ತು. ಅದ್ಕೆ ಕೇಳ್ಲಿಲ್ಲ."

ಅವರ ಪ್ರೀತಿ ಅಂಥದ್ದು, ರೂಲ್ಸಿನ ಒಳಗೇ ಜಾಗ ಹುಡುಕಿಕೊಳ್ಳುತ್ತದೆ. ಹನ್ನೊಂದು ಚಳಿಗಾಲ ಆ ಸಾರಿಲ್ಲದೆ ಮುದ್ದೆ ನುಂಗಿದ್ದರು, ಯಾಕೆ ಮಾಡುತ್ತಿಲ್ಲ ಅಂತ ಒಂದು ದಿನವೂ ಕೇಳಿರಲಿಲ್ಲ. ನಾನು ಅದನ್ನು ಮರೆವು ಅಂದುಕೊಂಡಿದ್ದೆ. ಹಾಗಿದ್ದರೆ ಮಧ್ಯಾಹ್ನ ಯಾಕೆ ಎದ್ದು ಹೋದಿರಿ ಅಂತ ಜೋರು ಮಾಡಿದೆ. ಅಳು ಬಂದಾಗ ಜೋರು ಮಾಡುವುದು ನನ್ನ ಸ್ವಭಾವ. ಅವನು ಇಲ್ಲಿದ್ದಾನೆ ಅಂತ ಗೊತ್ತೇ ಇತ್ತು ಅಂದರು. ರಾಗಿ ಡಬ್ಬದಲ್ಲಿ ಕಾಗದ ಬಚ್ಚಿಟ್ಟರೆ ರಾಗಿ ತೆಗೆಯುವವರ ಕೈಗೆ ಸಿಗುವುದಿಲ್ಲವೇ? ಆರು ಬಿಲ್ಲೆ ಯಾಕೆ ಮಾಡಿದೆ ಅಂದುಕೊಂಡೆ ಅಂದರು. ದಾರಿಯುದ್ದಕ್ಕೂ ಅವನಿಗೆ ಏನು ಹೇಳಬೇಕು ಅಂತ ಜೋಡಿಸಿಕೊಂಡು ಬಂದಿದ್ದರಂತೆ. ಅವನನ್ನು ಕಂಡ ಕೂಡಲೇ ಒಂದೂ ನೆನಪಾಗಲಿಲ್ಲ, ಮುಖ ತೋರಿಸಲಾಗದೆ ಎದ್ದು ಹೋದೆ ಅಂದರು.

ಒಬ್ಬರು ನನ್ನ ಹೆಸರು ಬರೆಯಬಾರದು ಅಂತ ಕೇಳಲಿಲ್ಲ, ಇನ್ನೊಬ್ಬ ನನ್ನ ಹೆಸರು ಹೇಳಬಾರದು ಅಂತ ಊರೇ ಬಿಟ್ಟ. ನನ್ನನ್ನು ಕಾಪಾಡಲು ಇಬ್ಬರೂ ಸೇರಿ ಹನ್ನೊಂದು ವರ್ಷ ನನ್ನ ನಿದ್ದೆ ಕೆಡಿಸಿದ್ದರು. ದಡ ಸೇರುವವರೆಗೂ ಇಬ್ಬರಿಗೂ ಸರಿಯಾಗಿ ಮಂಗಳಾರತಿ ಮಾಡಿದೆ. ಭಾವ ಭಾವಮೈದುನ ಇಬ್ಬರೂ ತಲೆ ತಗ್ಗಿಸಿ ಕೇಳಿಸಿಕೊಂಡರು.

ದಡದಲ್ಲಿ ಕದಿರಪ್ಪ ದೋಣಿಯ ಬೀಗದಕೈ ಗೊಂಚಲಿನಿಂದ ಏನೋ ಬಿಚ್ಚಿ ಇವರ ಮುಂದೆ ಹಿಡಿದ. ಹಿತ್ತಾಳೆ ಬಿಲ್ಲೆ. ಉಪ್ಪುಗಾಳಿಗೆ ಹಸಿರುಗಟ್ಟಿತ್ತು, ನಾನೂರ ಹದಿನೇಳು ಅನ್ನುವುದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಇವರು ತೆಗೆದುಕೊಂಡು, ಹೆಬ್ಬೆರಳಿನಲ್ಲಿ ಉಜ್ಜಿ, ಎರಡೂ ಕಡೆ ನೋಡಿ, ಅವನ ಅಂಗೈಯಲ್ಲೇ ವಾಪಸು ಇಟ್ಟರು. 

"ಇಲ್ಲಿ ತಗಳೋ ಅಂಗಿಲ್ಲ ಕದಿರಾ. ಕೊಟ್ಟಿದ್ದು ನಮ್ಮೂರ್ನಾಗೆ, ಅಲ್ಲೇ ಬಂದು ಕೊಡ್ಬೇಕು. ಆ ಮೊಳೆ ಇನ್ನೂ ಖಾಲಿ ಬಿಟ್ಟಿವ್ನಿ, ಆ ನಂಬರ್ ಯಾರ್ಗೂ ಕೊಟ್ಟಿಲ್ಲ."

ಕದಿರಪ್ಪ ಆ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಸಮುದ್ರದ ಕಡೆ ತಿರುಗಿ ನಿಂತುಬಿಟ್ಟ. ಕುಪ್ಪುಸ್ವಾಮಿ ಮೂಗು ಒರೆಸಿಕೊಂಡರು.

ಉಳಿದ ನಾಲ್ಕು ದಿನ ನಾವು ಅವನ ಮನೆಯಲ್ಲೇ ಇದ್ದೆವು. ಬಾಡಿದ್ದರೂ ಅವರೇಕಾಯಿ ಕೆಟ್ಟಿರಲಿಲ್ಲ. ಮಣ್ಣಿನ ಜಗಲಿಯ ಮೇಲೆ ಎಲ್ಲರೂ ಕೂತು ಕಾಳು ಹಿದುಕಿದೆವು. ಶೇಫಾಲಿ ಮೊದಲು ಇದೆಂಥ ಕೆಲಸ ಅಂತ ನಗುತ್ತಿದ್ದವಳು ಸಂಜೆಗೆ ನನಗಿಂತ ಬೇಗ ಹಿದುಕುತ್ತಿದ್ದಳು. ತೆಂಗಿನಕಾಯಿಗೆ ಆ ಊರಲ್ಲಿ ಬರವೇ? ಸಾರು ಕುದಿಯುವಾಗ ಪಕ್ಕದ ಮನೆಗಳ ಮಲಯಾಳಿ, ರಾಂಚಿ ಹೆಂಗಸರು ಬಟ್ಟಲು ಹಿಡಿದು ಬಂದರು. ನನ್ನ ಗಂಡ ಮೂರು ಮುದ್ದೆ ಉಂಡು, ನಾಲ್ಕನೆಯದಕ್ಕೆ ಅತ್ತೆಯ ಮುಖ ನೋಡಿದರು. ಮರುದಿನ ಮುಕ್ತಾ ತಗಡಿನ ಮೇಲೆ ಮೊಳೆಯಿಂದ ಸೊಟ್ಟಗೆ ಏಳು ಅಂತ ಕೊರೆದು ಇವರ ಕುತ್ತಿಗೆಗೆ ಕಟ್ಟಿದಳು. ದಾರ ನಾನು ಹಿಡಿದುಕೊಂಡೆ. ಇವರು ಸಮುದ್ರಕ್ಕೆ ಇಳಿದರು. ಮೊದಲ ಅಲೆಗೇ ಕನ್ನಡಕ ಹೋಯಿತು, ಆದರೂ ಎರಡು ಗಂಟೆ ಮೇಲೆ ಬರಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಮದ್ರಾಸ್ ಮೇಲ್ ಬಂಗಾರಪೇಟೆಗೆ ಒಂದು ಗಂಟೆ ತಡವಾಗಿ ಬಂತು. ಅಮ್ಮನನ್ನು ಬೂದಿಕೋಟೆಯಿಂದ ಕರೆಸಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರಿಸಿದ್ದೆ. ಶೇಫಾಲಿ ಇಳಿದಳು, ಮುಕ್ತಾ ಇಳಿದಳು, ಕೊನೆಗೆ ಟ್ರಂಕು ಹೊತ್ತು ಕದಿರಪ್ಪ ಇಳಿದ. ಅಮ್ಮ ಎದ್ದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು, ಕಾಣಿಸುತ್ತೆ ಅಂದಳು. ನನ್ನ ಗಂಡ ಪಕ್ಕದಲ್ಲೇ ಕಾದು ನಿಂತಿದ್ದರು. ಅಮ್ಮನ ಸರದಿ ಮುಗಿದ ಮೇಲೆ, ಚೆನ್ನಾಗಿದ್ದೀಯಾ ಅಂತಲೂ ಕೇಳದೆ ಅಂಗೈ ಚಾಚಿದರು. ಕದಿರಪ್ಪ ಜೇಬಿನಿಂದ ಬಿಲ್ಲೆ ತೆಗೆದು ಅದರಲ್ಲಿಟ್ಟ. ಇವರು ನಂಬರು ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡು, ಅದರ ಮೇಲೊಮ್ಮೆ ಕೈಯಾಡಿಸಿ, ಮುಕ್ತಾಳನ್ನು ಎತ್ತಿಕೊಂಡರು.

"ಎಲ್ಲಾರೂ ಮ್ಯಾಲೆ ಬಂದ್ರು" ಅಂದರು. "ನಡೀರಿ, ಸಾರು ಆರೋಗ್ತದೆ."